ಕೆಡಿಸಿ ನೋಡುವ ಪಾಠ

ಅಧ್ಯಕ್ಷರಾದ ವಿಶ್ವನಾಥ್ ಸಾರ್, ಮುಖ್ಯ ಅತಿಥಿಗಳೇ, ದಾಸರಹಳ್ಳಿಯ ನಮ್ಮ ಕಂಪ್ಯೂಟರ್ ಕೇಂದ್ರದ ವಿದ್ಯಾರ್ಥಿಗಳೇ, ಆಗಲೇ ಎದ್ದು ಚಪ್ಪಲಿ ಹುಡುಕುತ್ತಿರುವ ಸಭಿಕರೇ,

ತೊಂಬತ್ತಾರನೇ ಇಸವಿಯ ಈ ವಾರ್ಷಿಕೋತ್ಸವದಲ್ಲಿ ವಂದನಾರ್ಪಣೆಗೆ ನನ್ನನ್ನು ಆರಿಸಿದ್ದು, ನಾನು ಹೆಚ್ಚು ಮಾತಾಡುವವಳಲ್ಲ ಎಂಬ ನಂಬಿಕೆಯಿಂದ. ಹಾರ, ಮೈಕು, ಖಾರಾಬೂಂದಿ ಒದಗಿಸಿದ ಎಲ್ಲರಿಗೂ ವಂದನೆಗಳು. ಇನ್ನೊಂದು ವಂದನೆ ಉಳಿದಿದೆ. ಅದು ಸ್ವಲ್ಪ ಉದ್ದ.

ನಾನು ಓದಿದ್ದು ಕನ್ನಡ ಸಾಹಿತ್ಯ. ಇಲ್ಲಿಗೆ ಬಂದದ್ದು ಟೈಪಿಂಗ್ ಕೆಲಸಕ್ಕೆ. ಕಂಪ್ಯೂಟರ್ ಹೇಳಿಕೊಡುತ್ತಿದ್ದ ಮೇಷ್ಟ್ರು ಕೆಲಸ ಬಿಟ್ಟುಹೋದಾಗ ಸಂಜೆಯ ತರಗತಿ ನನ್ನ ಪಾಲಿಗೆ ಬಂತು. ಪೀಣ್ಯದ ಕಾರ್ಖಾನೆಗಳಲ್ಲಿ ಶಿಫ್ಟು ಮುಗಿಸಿ ಬರುವವರು ಚಪ್ಪಲಿ ಹೊರಗೆ ಬಿಟ್ಟು, ಗರ್ಭಗುಡಿಯೆದುರು ನಿಂತಂತೆ ನಿಲ್ಲುತ್ತಿದ್ದರು. ಆಯುಧಪೂಜೆಗೆ ಕೀಬೋರ್ಡಿಗೆ ಕುಂಕುಮ ಹಚ್ಚಿದವರೇ ಪಾಠದ ದಿನ ಅದನ್ನು ಮುಟ್ಟುತ್ತಿರಲಿಲ್ಲ. ಮುಟ್ಟದೆ ಕಲಿಯುವುದು ಹೇಗೆ?

ಆಗ ನಾನು ಪಾಠವನ್ನೇ ಕಂಪ್ಯೂಟರಿನೊಳಗೆ ಬರೆದೆ. ಬಣ್ಣವಿಲ್ಲ, ಚಿತ್ರವಿಲ್ಲ, ಬರೀ ಅಕ್ಷರ. ಇಂಗ್ಲಿಷ್ ಅಕ್ಷರಗಳಲ್ಲಿ ಕನ್ನಡದ ಒಂದೆರಡು ಸಾಲು ವಿವರಣೆ, ಅದರ ಕೆಳಗೇ ನಡೆಸಿ ನೋಡಬಹುದಾದ ಪ್ರೋಗ್ರಾಮು. ಎಲ್ಲಕ್ಕಿಂತ ಮೇಲೆ, ‘ಈ ಪಾಠವನ್ನು ಕೆಡಿಸಿ ನೋಡಿ.’

ನಮ್ಮ ವಿದ್ಯಾರ್ಥಿನಿ ದಿವ್ಯಾ, ಲಗ್ಗೆರೆಯವಳು, ಗಾರ್ಮೆಂಟ್ಸ್ ಕಾರ್ಖಾನೆಯಲ್ಲಿ ಕಾಲರ್ ಹೊಲಿಯುವವಳು. “ಮುಟ್ಟಿದ್ರೆ ಕೆಟ್ಟೋಗಲ್ವಾ ಮೇಡಂ?” ಎಂದಳು.

“ಕೆಟ್ರೆ ಮತ್ತೆ ಬರೀತೀನಿ. ಮುಟ್ಟಮ್ಮ.”

ಹೆಸರನ್ನು ಹತ್ತು ಸಲ ಬರೆಯುವ ಪ್ರೋಗ್ರಾಮಿಗೆ ತನ್ನ ಹೆಸರು ಹಾಕಿ, ಒಂದು ಸಾಲು ಅಳಿಸಿ ನಡೆಸಿದಳು. ಪರದೆಯ ತುಂಬ ಅವಳ ಹೆಸರು ಹರಿಯತೊಡಗಿತು, ನಿಲ್ಲಲೇ ಇಲ್ಲ. ತರಗತಿಯೆಲ್ಲ ನಕ್ಕಿತು. ಅವಳು ನಗಲಿಲ್ಲ. “ಯಾಕೆ ನಿಲ್ತಿಲ್ಲ?” ಎಂದು ಕೇಳಿ, ತಾನೇ ನೋಡಿ, “ಅಯ್ಯೋ, ಎಣ್ಸೋ ಸಾಲೇ ತೆಗ್ದಾಕ್ಬಿಟ್ಟಿದೀನಿ” ಎಂದಳು. ಆ ಕೋಣೆಯಲ್ಲಿ ನಾನು ಕೇಳಿದ ಮೊದಲ ‘ಯಾಕೆ’ ಅದು.

ಮೊನ್ನೆ ಅಧ್ಯಕ್ಷರು ತರಗತಿಗೆ ಬಂದರು. ಒಂದೊಂದು ಕಂಪ್ಯೂಟರಿನಲ್ಲಿ ಪಾಠ ಒಂದೊಂದು ಥರ ಇತ್ತು. “ಏನ್ರೀ ಇದು, ಎಲ್ರೂ ಕೈ ಹಾಕಿ ಕಲಗಚ್ಚು ಮಾಡಿದಾರೆ? ಇಂಗ್ಲಿಷ್ ಬುಕ್ ತರಿಸಿದೀನಿ. ಸೋಮವಾರ ಇದನ್ನೆಲ್ಲ ಅಳಿಸ್ಬಿಡಿ” ಎಂದರು. ಆಗ ಸುಮ್ಮನಿದ್ದೆ. ಸುಮ್ಮನಿರುವುದು ನನಗೆ ಚೆನ್ನಾಗಿ ಬರುತ್ತದೆ.

ಈಗ ಹೇಳುತ್ತೇನೆ ಸಾರ್. ಒಂದೇ ಥರ ಇರಬೇಕಾದದ್ದು ಪೀಣ್ಯದ ನಟ್ಟು ಬೋಲ್ಟು, ಪಾಠವಲ್ಲ. ಪುಸ್ತಕ ಇರಲಿ, ಪಕ್ಕದಲ್ಲಿಟ್ಟುಕೊಳ್ಳೋಣ. ಆದರೆ ಸೋಮವಾರ ನಾನು ಏನನ್ನೂ ಅಳಿಸುವುದಿಲ್ಲ. ಅದೇ ಪಾಠ ತೆರೆದು ಕೂರುತ್ತೇನೆ. ನಾನೇ ಬೇಡವೆಂದಾದರೆ, ಕೆಳಗೆ ಕುಳಿತಿರುವ ಇವರ ಮುಖ ನೋಡಿ ಈಗಲೇ ಹೇಳಿ. ಮೈಕನ್ನು ನಿಮ್ಮ ಕಡೆಗೇ ತಿರುಗಿಸಿ ಇಳಿಯುತ್ತೇನೆ.

ಉಳಿದಿದ್ದ ಆ ವಂದನೆ, ನನ್ನ ಪಾಠವನ್ನು ಕೆಡಿಸಿದ ಎಲ್ಲರಿಗೂ. ನಮಸ್ಕಾರ.