ಮನೆಯಿಂದ ಕಾಣದ ಗೋಡೆ

ದೂರದ ಊರಿನ ಕಥೆ ಇದು, ಸ್ವಲ್ಪ ಹತ್ತಿರ ಬಂದು ಕೇಳಿ. ಇಂಗ್ಲೆಂಡಿನ ಒಂದು ಹಳ್ಳಿ. ಆ ಹಳ್ಳಿಗೆ ಒಬ್ಬನೇ ಶ್ರೀಮಂತ. ತಲೆತಲಾಂತರದಿಂದ ಬಂದ ಬಂಗಲೆ, ಕಿಟಕಿಯ ತನಕ ಹಬ್ಬಿದ ಗುಲಾಬಿ, ಮುತ್ತಜ್ಜ ನೆಟ್ಟ ದೇವದಾರು ಮರ, ಮುಂದೆ ಕಣ್ಣು ಹಾಯುವಷ್ಟೂ ಹಸಿರು ಹುಲ್ಲು. ಅಂಥ ಮನೆಯ ಮುಂದೆ ಒಂದು ದಿನ ಹಲಗೆ ನಿಂತಿತು: ‘ಮನೆ ಮಾರಾಟಕ್ಕಿದೆ.’

ಯಾಕೆ? ಕಷ್ಟವೇ? ಇಲ್ಲ. ಕಾಯಿಲೆಯೇ? ಅದೂ ಅಲ್ಲ. ನೋಡಿ, ಅವನಿಗಿದ್ದದ್ದು ಒಂದೇ ಕೊರಗು. ಊರವರು ಅವನ ಮನೆಗೆ ಬರುತ್ತಿರಲಿಲ್ಲ. ಪ್ರತಿ ಭಾನುವಾರ ಸಂಜೆ ಮರದ ಕೆಳಗೆ ಮೇಜು ಹಾಕಿಸುತ್ತಿದ್ದ. ಚಹಾ, ಕೇಕು, ಹೂವಿನ ಚಿತ್ರದ ಪಿಂಗಾಣಿ ಕಪ್ಪುಗಳು. ಒಬ್ಬರೂ ಬರುತ್ತಿರಲಿಲ್ಲ. ಚಹಾ ಆರುತ್ತಿತ್ತು. ‘ಈ ಜನಕ್ಕೆ ಸೊಕ್ಕು’ ಎಂದುಕೊಂಡ. ಆ ಮರ, ಆ ಗುಲಾಬಿ ಅಂದರೆ ಅವನಿಗೆ ಜೀವ. ಆದರೂ ಒಬ್ಬನೇ ಕೂತು ಚಹಾ ಕುಡಿಯುವ ಮನೆ ಮನೆಯೇ? ಮಾರಿ ಪಟ್ಟಣ ಸೇರಲು ತೀರ್ಮಾನಿಸಿದ.

ಮನೆ ನೋಡಲು ಒಬ್ಬ ವಯಸ್ಸಾದ ಟೀಚರಮ್ಮ ಬಂದಳು. ಬಸ್ಸಿಳಿದು, ಹಳ್ಳಿಯ ಕಡೆಯಿಂದ ನಡೆದುಕೊಂಡು, ಸೀರೆಯಲ್ಲ, ಗೌನಿನ ಅಂಚಿಗೆಲ್ಲ ಕೆಸರು ಮಾಡಿಕೊಂಡು, ತಡವಾಗಿ ಬಂದಳು. ಅವರು ಆಡಿದ್ದು ಇಂಗ್ಲಿಷು. ನನಗೆ ಬರುವುದು ನಮ್ಮೂರಿನ ಮಾತು. ಅದರಲ್ಲೇ ಹೇಳುತ್ತೇನೆ.

“ನಿಮ್ಮ ಗೋಡೆ ಸುತ್ತಿಕೊಂಡು ಬರೋಷ್ಟರಲ್ಲಿ ನನ್ನ ಕಾಲು ಬಿದ್ದೋಯ್ತು ಕಣಪ್ಪ.”

“ಯಾವ ಗೋಡೆ ತಾಯಿ? ಅಲ್ಲಿ ನೋಡಿ. ಹುಲ್ಲು ಸೀದಾ ಹೊಲಕ್ಕೆ ಹೋಗಿ ಸೇರುತ್ತೆ. ನಮ್ಮಲ್ಲಿ ಅಡ್ಡ ಅನ್ನೋದೇ ಇಲ್ಲ.”

“ಬಾ ನನ್ನ ಜೊತೆ” ಎಂದಳು.

ಮುಂದಿನ ಗೇಟು ದಾಟಿ, ಸುತ್ತಿ ಬಳಸಿ, ಇಬ್ಬರೂ ಹಳ್ಳಿಯ ಕಡೆಗೆ ಬಂದರು. ಹುಲ್ಲಿನ ಅಂಚಿಗೆ ಬಂದ ಕುರಿಗಳು ತೋಟಕ್ಕೆ ನುಗ್ಗದಿರಲಿ ಎಂದು ಮುತ್ತಜ್ಜ ಆಳವಾದ ಕಂದಕ ತೋಡಿಸಿ, ತನ್ನ ಬದಿಗೆ ಹುಲ್ಲಿನ ಮಟ್ಟದವರೆಗೆ ಕಲ್ಲಿನ ಗೋಡೆ ಕಟ್ಟಿಸಿದ್ದ. ಹೇಗೆ ಕಟ್ಟಿಸಿದ್ದನೆಂದರೆ, ಮನೆಯಿಂದ ನೋಡಿದವನಿಗೆ ಅದು ಕಾಣುವುದೇ ಇಲ್ಲ. ಊರಿನಿಂದ ಬಂದವರಿಗೆ ಅದು ಬಿಟ್ಟು ಬೇರೇನೂ ಕಾಣುವುದಿಲ್ಲ! ಶ್ರೀಮಂತ ಹುಟ್ಟಿದಾರಭ್ಯ ಆ ಮನೆಯಲ್ಲಿದ್ದ. ಆ ಕಂದಕದಲ್ಲಿ ಮಾತ್ರ ಒಮ್ಮೆಯೂ ಇಳಿದು ನಿಂತಿರಲಿಲ್ಲ. ಈಗ ನಿಂತ. ತಲೆಯೆತ್ತಿದ. ತನ್ನ ಮನೆ ತನಗೇ ಕಾಣಲಿಲ್ಲ.

ಕಂದಕದ ಪಕ್ಕದ ದಾರಿಯಲ್ಲಿ ಬರುತ್ತಿದ್ದ ಹಳ್ಳಿಯ ಹೆಂಗಸೊಬ್ಬಳು ನಿಂತಳು. “ಏನ್ ಧಣಿ, ಮೇಲಿಂದ ಜಾರಿ ಬಿದ್ರಾ?”

“ಇಲ್ಲಮ್ಮ... ಭಾನುವಾರ ನೀವು ಯಾಕೆ ಬರಲ್ಲ?”

“ಕಪ್ಪಿನ ಸದ್ದು ಕೇಳಿಸ್ತಿತ್ತು. ಯಾರೋ ದೊಡ್ಡೋರ ಊಟ ಅಂದ್ಕೊಂಡ್ವಿ. ನೀವೆಲ್ಲಿ ಕರೆದ್ರಿ?”

“ಕರೆಯೋದೇನು? ಸುಮ್ಮನೆ ಬರಬಹುದಿತ್ತು. ಈ ಗೋಡೆ ಕುರಿಗೆ ಕಟ್ಟಿದ್ದು!”

“ಕುರಿಗೆ ಕಟ್ಟಿದ್ದೋ ನಮಗೆ ಕಟ್ಟಿದ್ದೋ, ಕೆಳಗೆ ನಿಂತೋರಿಗೆ ಹೆಂಗ್ ಗೊತ್ತಾಗ್ಬೇಕು ಧಣಿ?”

ಶ್ರೀಮಂತ ಗೋಡೆಯ ಕಲ್ಲು ಮುಟ್ಟಿ ನೋಡಿದ. ಟೀಚರಮ್ಮ ಅವನ ತೋಳು ಹಿಡಿದು ಹೇಳಿದಳು: “ಈ ಮನೆ ನನಗೆ ಬೇಡಪ್ಪ. ನೀನೇ ಇನ್ನೂ ಇದರಲ್ಲಿ ಬದುಕಿ ನೋಡಿಲ್ಲ.”

ಅದೇ ವಾರ ಗೋಡೆಗೆ ಮೆಟ್ಟಿಲು ಬಂದವು. ಕಂದಕದ ತಳದ ಕೆಸರು ದಾಟಲು ಹಲಗೆ ಬೇಕಿತ್ತು. ಮಾರಾಟದ ಹಲಗೆಯನ್ನೇ ಕಿತ್ತು ಹಾಸಿದ. ಮನೆಮನೆಗೂ ಹೋಗಿ ಕರೆದ. ಭಾನುವಾರ ಬಂತು. ಯಾರೂ ಬರಲಿಲ್ಲ. ಒಂದು ಗೋಡೆಯನ್ನು ಮರೆಯಲು ಊರಿಗೆ ಒಂದು ವಾರ ಸಾಕೇ? ಅವನು ಮತ್ತೆ ಹೋಗಿ ಕರೆದ. ಮುಂದಿನ ಭಾನುವಾರ ಆ ಹೆಂಗಸು ಹಲಗೆ ದಾಟಿ, ಮೆಟ್ಟಿಲು ಹತ್ತಿ ಬಂದಳು. ಕೈಯಲ್ಲಿ ತಗಡಿನದೊಂದು ಲೋಟ. ತನ್ನ ಲೋಟ ತಾನೇ ತಂದಿದ್ದಳು!

ಶ್ರೀಮಂತ ಆ ಲೋಟ ಇಸಿದುಕೊಂಡ. ಅದರಲ್ಲಿ ತಾನು ಚಹಾ ಬಗ್ಗಿಸಿಕೊಂಡ. ತನ್ನ ಪಿಂಗಾಣಿ ಕಪ್ಪನ್ನು ಅವಳ ಕೈಗಿಟ್ಟ. ಕೆಳಗಿನ ದಾರಿಯಲ್ಲಿ ಆಗಲೇ ಇನ್ನಷ್ಟು ಜನ ಮಾತಾಡುತ್ತ ಬರುವ ಸದ್ದು ಕೇಳಿಸುತ್ತಿತ್ತು.

ಲೋಟದ ಮಾತು ಬಂದ ಕೂಡಲೇ ಇಲ್ಲಿ ಕೆಲವರು ತಲೆ ತಗ್ಗಿಸಿದಿರಿ. ಒಳ್ಳೆಯದು. ಇಂಗ್ಲೆಂಡು ಅಷ್ಟೇನೂ ದೂರವಿಲ್ಲ ಅಂತಾಯಿತು.

‘ನಮ್ಮ ಮನೆಯಲ್ಲಿ ಭೇದ ಇಲ್ಲ’ ಎನ್ನುತ್ತೀರಿ. ಸುಳ್ಳಲ್ಲ, ನಿಮಗೆ ಕಾಣುವುದಿಲ್ಲ, ಅಷ್ಟೇ. ನಾಳೆ ಬೆಳಗ್ಗೆ ಹೊರಗೆ ಹೋಗಿ, ಪಾತ್ರೆ ತೊಳೆಯುವಾಕೆ ಬರುವ ದಾರಿಯಲ್ಲಿ ನಿಮ್ಮ ಮನೆಗೆ ನೀವೇ ಬನ್ನಿ. ಅವಳು ಎಲ್ಲಿ ಚಪ್ಪಲಿ ಬಿಡುತ್ತಾಳೋ ಅಲ್ಲಿ ಬಿಡಿ. ಎಲ್ಲಿ ನಿಂತು ತಿಂಡಿ ತಿನ್ನುತ್ತಾಳೋ ಅಲ್ಲಿ ನಿಲ್ಲಿ, ಏನು ಕಾಣುತ್ತದೆ ನೋಡಿ. ಬಾಡಿಗೆ ಮನೆ ಕೇಳಿಕೊಂಡು ಬಂದವರನ್ನು ‘ನೀವು ಯಾವ ಕಡೆಯವರು?’ ಎಂದು ನಗುನಗುತ್ತಲೇ ಕೇಳುತ್ತೀರಲ್ಲ, ನಾಳೆಯಿಂದ ಆ ಪ್ರಶ್ನೆ ನಿಲ್ಲಿಸಿ. ಕೆಲಸದಾಕೆಗೆಂದು ಕಿಟಕಿಯ ಮೇಲೆ ಬೇರೆಯಾಗಿ ಇಟ್ಟ ಲೋಟದಲ್ಲಿ ನಿಮ್ಮ ಕಾಫಿ ನೀವು ಕುಡಿಯಿರಿ. ನಿಮ್ಮ ಲೋಟ ಆಕೆಗೆ ಕೊಡಿ. ಮೊದಲ ದಿನ ಆಕೆ ತೆಗೆದುಕೊಳ್ಳದಿದ್ದರೆ ಬೇಸರಪಡಬೇಡಿ, ಮರುದಿನವೂ ಕೊಡಿ.

ಗೋಡೆ ಮುತ್ತಜ್ಜ ಕಟ್ಟಿದ್ದು, ಒಪ್ಪಿದೆ. ಮೆಟ್ಟಿಲು ನೀವು ಕಟ್ಟಬೇಕು.