ನಲ್ವತ್ತೆರಡು ಹಕ್ಕಿಯ ಪುಟ

ಸೇರಿರುವ ಹಿರಿಯರಿಗೆ, ಕಾಲೇಜಿನವರಿಗೆ, ಎದುರಿನ ಸಾಲಿನಲ್ಲಿರುವ ಮಾಸ್ಟ್ರ ಹೆಂಡತಿ ಕುಶಲಕ್ಕನಿಗೆ, ಮಗಳು ಮನ್ವಿತಾಳಿಗೆ ನನ್ನ ನಮಸ್ಕಾರ. ನಾನು ಮೋಹನದಾಸ್. ಹೋದ ಭಾನುವಾರ ನಮ್ಮನ್ನು ಬಿಟ್ಟುಹೋದ ಚಿತ್ತರಂಜನ ಮಾಸ್ಟ್ರ ದೋಣಿ ನಡೆಸಿದವ. ಹತ್ತೊಂಬತ್ತು ವರ್ಷ, ತಿಂಗಳಿಗೆ ಎರಡು ಸಲ, ನೇತ್ರಾವತಿ ಅಳಿವೆಯ ಕೆಸರುದಿಬ್ಬದಲ್ಲಿ ನಾವಿಬ್ಬರು ಹಕ್ಕಿ ಎಣಿಸಿದ್ದೇವೆ. ನಾನು ಓದಿದ್ದು ಊರಿನ ಶಾಲೆಯಲ್ಲಿ ಏಳನೇ ಕ್ಲಾಸು. ಆದರೆ ಕಣ್ಣಿನ ವಿಷಯದಲ್ಲಿ — ಇಲ್ಲಿರುವ ಡಾಕ್ಟ್ರೇಟುಗಳು ಬೇಸರ ಮಾಡಬಾರದು — ನನ್ನ ಹತ್ತಿರ ಯಾರೂ ಬರುವುದಿಲ್ಲ. ಮಾಸ್ಟ್ರು ದುರ್ಬೀನು ಸರಿಮಾಡುವಷ್ಟರಲ್ಲಿ ನಾನು ಎಣಿಸಿ, ಬೀಡಿ ಹಚ್ಚಿ ಆಗುತ್ತಿತ್ತು.

ಆದರೆ ಬರೆಯಬೇಕಲ್ಲ. ಮಾಸ್ಟ್ರದ್ದು ಅಲ್ಲೇ ಗಲಾಟೆ. ಪೆನ್ನು ಆಗುವುದಿಲ್ಲ, ಪೆನ್ಸಿಲ್ — ನೀರು ಬಿದ್ದರೆ ಶಾಯಿ ಹರಡ್ತದೆ. ಮೊದಲು ತಾರೀಕು, ಗಂಟೆ, ಉಬ್ಬರವೋ ಇಳಿತವೋ, ಗಾಳಿ ಎಲ್ಲಿಂದ. ಆಮೇಲೆ ಹಕ್ಕಿ. ಅದೂ ಅಲ್ಲೇ ನಿಂತು. ಮನೆಗೆ ಹೋಗಿ ಬರೆದದ್ದು ಕತೆ ಅಂತ ಹೇಳುತ್ತಿದ್ದರು. ಒಂದು ದಿನ ಒಂದು ಹಕ್ಕಿಯೂ ಇಲ್ಲ. ನಾನು ಪುಸ್ತಕ ಮಡಚಿದೆ.

"ಎಂತ ಮಡಚುವುದು? ಸೊನ್ನೆ ಬರಿ."

"ಇಲ್ಲದ್ದನ್ನು ಎಂತ ಬರೆಯುವುದು ಮಾಸ್ಟ್ರೇ?"

"ನಾವು ಬಂದು ನೋಡಿದ್ದೇವೆ, ಇರಲಿಲ್ಲ. ಬರೆಯದಿದ್ದರೆ ನಾವೇ ಬರಲಿಲ್ಲ ಅಂತ ಆಗ್ತದೆ ಮಾರಾಯ."

ಈಗ ನಾನು ಇಲ್ಲಿ ಬಂದು ನಿಂತ ಕಾರಣ. ಒಂಬತ್ತು ವರ್ಷದ ಹಿಂದೆ ಅವರಿಗೆ ಜ್ವರ, ನನ್ನನ್ನು ಒಬ್ಬನನ್ನೇ ಕಳಿಸಿದರು. ನಾನು ಎಲ್ಲಿ ಹೋದೆ? ತೊಕ್ಕೊಟ್ಟಿನಲ್ಲಿ ಝುಬೈರನ ಹೋಟೆಲಿಗೆ — ಅಗೋ, ಹಿಂದಿನ ಸಾಲಿನಲ್ಲಿ ತಲೆ ಬಗ್ಗಿಸಿ ನಗ್ತಾ ಇದ್ದಾನೆ. ಅಲ್ಲಿ ಗೋಳಿಬಜೆ ತಿನ್ನುತ್ತಾ ಬರೆದೆ: ಬೆಳಿಗ್ಗೆ ಹತ್ತು ಗಂಟೆ, ಕೆಸರುದಿಬ್ಬ, ನಲ್ವತ್ತೆರಡು ಹಕ್ಕಿ.

ಮಾಸ್ಟ್ರು ಓದಿದರು. ಉಬ್ಬರದ ಪಟ್ಟಿ ತೆಗೆದು ನೋಡಿದರು. "ಹತ್ತು ಗಂಟೆಗೆ ದಿಬ್ಬ ನೀರಿನಡಿಯಲ್ಲಿ. ಹಕ್ಕಿ ಎಲ್ಲಿ ನಿಂತಿತ್ತು? ನಿನ್ನ ತಲೆಯ ಮೇಲಾ?"

ನಾನು ಬಿಡ್ತೇನಾ? "ನನ್ನ ಕಣ್ಣು ಸುಳ್ಳು ಹೇಳುವುದಿಲ್ಲ" ಎಂದೆ.

ಅವರು ಜಗಳ ಮಾಡಲಿಲ್ಲ. "ನೋಡಿದವ ನೀನು. ತಪ್ಪು ಅಂತ ಗೆರೆ ಎಳೆಯುವುದಾದರೂ ನೀನೇ ಎಳೆಯಬೇಕು" ಎಂದು ಪಕ್ಕದಲ್ಲಿ ಒಂದು ಪ್ರಶ್ನೆಯ ಚಿಹ್ನೆ ಹಾಕಿದರು. ಅಷ್ಟೇ. ಆಮೇಲೆ ಒಂಬತ್ತು ವರ್ಷ ದೋಣಿಯಲ್ಲಿ ಎದುರುಬದುರು ಕೂತೆವು — ಒಂದು ಸಲವೂ ಕೇಳಲಿಲ್ಲ. ನಾನೂ ಹೇಳಲಿಲ್ಲ.

ನಾಳೆ ಮನ್ವಿತಾ ಅಪ್ಪನ ಮೂವತ್ತೊಂದು ಪುಸ್ತಕವನ್ನೂ ಕಾಲೇಜಿಗೆ ಕೊಡ್ತಾಳೆ. ಓದುವವರು ಓದಿ ಲೆಕ್ಕ ಹಾಕ್ತಾರೆ. ನನ್ನ ಒಂದು ಗೋಳಿಬಜೆಯ ಪುಟದಿಂದ ಅವರ ಹತ್ತೊಂಬತ್ತು ವರ್ಷದ ಮೇಲೆ ಸಂಶಯ ಬರಬಾರದು. ಆ ಪುಸ್ತಕ ಇಲ್ಲಿ ಉಂಟು, ನನ್ನ ಕೈಯಲ್ಲಿ. ತಪ್ಪಾದರೆ ಉಜ್ಜುವ ಹಾಗಿಲ್ಲ, ಪುಟ ಹರಿಯುವ ಹಾಗಿಲ್ಲ. ಕೆಳಗಿನದ್ದು ಓದಲಿಕ್ಕೆ ಆಗುವ ಹಾಗೆ ಒಂದೇ ಗೆರೆ, ಪಕ್ಕದಲ್ಲಿ ಸಹಿ, ಎಳೆದ ದಿನದ ತಾರೀಕು — ಅದು ಅವರ ನಿಯಮ. ಇಗೊಳ್ಳಿ, ಎಳೆದೆ. "ಹೋಗಿಲ್ಲ, ನೋಡಿಲ್ಲ. ಮೋಹನದಾಸ್." ಇವತ್ತಿನ ತಾರೀಕು.

ಇನ್ನು ಎರಡು ನಿಮಿಷ ನಾವೆಲ್ಲ ಎದ್ದು ಮೌನವಾಗಿ ನಿಲ್ಲುವ. ಅದಕ್ಕೆ ಮೊದಲು ಹೊಸ ಪುಟದಲ್ಲಿ ಇಷ್ಟು ಬರೆದುಕೊಳ್ತೇನೆ — ಕುಲಶೇಖರದ ಸಭಾಭವನ. ಸಂಜೆ ಐದು ಇಪ್ಪತ್ತು. ಮೋಡ, ಗಾಳಿ ಇಲ್ಲ. ಜನ ನೂರ ಹದಿಮೂರು, ಎಣಿಸಿದ್ದು, ಅಂದಾಜಲ್ಲ. ಚಿತ್ತರಂಜನ ಮಾಸ್ಟ್ರು —

ಸೊನ್ನೆ.

ಬರೆದೆ ಮಾಸ್ಟ್ರೇ. ನಾವು ಬಂದಿದ್ದೇವೆ.

ಏಳಿ.