ಕಿಟಕಿಯಾಚೆಯ ಹೊಂಗೆ ಮರ

“ಹಲೋ... ಹಲೋ, ಯಾರು ಮಾತಾಡ್ತಿರೋದು? ಸ್ಕೂಲಿಂದಲಾ?”

ಬಲಗಣ್ಣಿನ ದೃಷ್ಟಿ ಹೋಗಿ ರಜೆಯ ಮೇಲಿದ್ದ ಡ್ರಾಯಿಂಗ್ ಮೇಷ್ಟ್ರು ಸೇತುರಾಮಯ್ಯ ರಾಜಾಜಿನಗರದ ಶಿವಬಸಪ್ಪನವರ ಔಷಧಿ ಅಂಗಡಿಗೆ ದಿನಾ ಬಂದು ಸ್ಕೂಲಿನ ಫೋನಿಗೇ ಕಾಯುತ್ತಿದ್ದರು. ‘ಸುಧಾರಿಸಿಕೊಳ್ಳಿ, ನಾವೇ ಫೋನ್ ಮಾಡಿ ಕರೆಸ್ತೀವಿ’ ಎಂದಿದ್ದರಲ್ಲ ಹೆಡ್‌ಮೇಷ್ಟ್ರು, ಪಾಪ, ಅದನ್ನೇ ನಂಬಿಕೊಂಡು ಕೂತಿದ್ದರು.

“ಯಾರು?... ಸೀತಾ? ತುಮಕೂರಲ್ಲಿ ನನ್ನ ಹತ್ರ ಕಲೀತಿದ್ದ ಸೀತಾನೇನೇ? ಅಯ್ಯೋ ನನ್ನ ತಾಯಿ! ಈ ನಂಬರ್ ಯಾರು ಕೊಟ್ರೇ?... ಹಾಂ, ನಿಮ್ಮಣ್ಣನಾ.”

“ಕೆಲಸ ಸಿಕ್ತಾ? ಬೆಂಗಳೂರಲ್ಲೇನಾ? ಡ್ರಾಯಿಂಗ್ ಟೀಚರ್ರಾ! ಭೇಷ್ ಕಣೇ... ಇವತ್ತೇ ಮೊದಲ್ನೇ ಕ್ಲಾಸಾ?”

“ಎಣ್ಣೆ ಪೇಸ್ಟಲ್ ಬಣ್ಣದ ಕಡ್ಡೀಲಾ? ಹೆದರ್ಬೇಡ... ಏನು, ಚಿತ್ರದಲ್ಲಿ ಬೆಟ್ಟ ದೂರ ಹೋಗ್ತಾನೇ ಇಲ್ವಾ? ಕಪ್ಪು ಹಾಕಿರ್ತೀಯ, ಅಲ್ವಾ? ನಂಗ್ಗೊತ್ತು! ಆಗಲೂ ಹಾಗೇ ಮಾಡ್ತಿದ್ದೆ. ದೂರದ್ದಕ್ಕೆ ತಿಳಿ ನೀಲಿ, ಮೇಲೆ ಬಿಳಿ, ಬೆರಳಲ್ಲಿ ತೀಡು. ಅಂಚು ಕಾಣಬಾರ್ದು.”

“ಮೊದಲು ಮಕ್ಕಳನ್ನ ಕಿಟಕಿ ಹತ್ರ ನಿಲ್ಸು. ಏನು ಕಾಣತ್ತೆ ಅಲ್ಲಿಂದ? ದೂರದ್ದು ಮೊದಲು ಹೇಳು... ಹಾಂ, ಬೆಟ್ಟ. ನಡುವೆ?... ರಾಗಿ ಹೊಲ, ಹೊಸದಾಗಿ ಸೈಟಿನ ಕಲ್ಲು ನೆಟ್ಟಿದಾರೆ... ಸರಿ. ಹತ್ರದಲ್ಲಿ?”

“ಹೊಂಗೆ ಮರ... ಎಡಕ್ಕೆ ಬಾಗಿದ್ಯಾ? ಅದ್ರಲ್ಲಿ ಗಂಟೆ... ರೈಲು ಕಂಬಿ ತುಂಡಾ?”

ಸೇತುರಾಮಯ್ಯ ರಿಸೀವರನ್ನು ಕಿವಿಗೆ ಇನ್ನೂ ಒತ್ತಿ ಹಿಡಿದರು. ಆ ಕಂಬಿಯನ್ನು ಹುಡುಕಿ ತಂದು ಮರಕ್ಕೆ ಕಟ್ಟಿಸಿದವರು ಅವರೇ. ಹುಡುಗಿ ಮಾತಾಡುತ್ತಿದ್ದದ್ದು ಅವರ ಸ್ಕೂಲಿನಿಂದ. ಅವಳಿಗೆ ಕೊಟ್ಟಿದ್ದದ್ದು ಅವರ ಕೆಲಸ. ಅವಳಿಗೇನು ಗೊತ್ತು? ಅವಳ ಮೇಲೆ ಸಿಟ್ಟು ಮಾಡಿಕೊಂಡು ಏನು ಬಂತು?

“ಇದೀನಿ, ಇದೀನಿ... ಲೈನ್ ಸರಿಯಿಲ್ಲ ಅಷ್ಟೆ... ನಾನಾ? ಆರಾಮಾಗಿದೀನಮ್ಮ. ಕೆಲಸಾನಾ?... ಬಿಟ್ಬಿಟ್ಟೆ. ಸಾಕಾಯ್ತು.”

“ಹಳೇ ಮೇಷ್ಟ್ರು ಬೀರುವಿನಲ್ಲಿ ಬಣ್ಣದ ಡಬ್ಬಿ ಬಿಟ್ಟು ಹೋಗಿದಾರಾ?... ಬರೀ ಮೋಟು ಕಡ್ಡಿಗಳಾ? ಅವರಿಗಿನ್ಯಾಕೆ ಬೇಕೇ ಅದು... ಮಕ್ಕಳಿಗೆ ಕೊಡು. ತಳದಲ್ಲಿ ಒಂದು ಗಾಢ ಹಸಿರಿದೆ, ಹೊಂಗೆಗೆ ಅದನ್ನೇ ಗಟ್ಟಿಯಾಗಿ ಒತ್ತು. ಹತ್ರದ್ದನ್ನ ಕೊನೇಲಿ ಹಾಕ್ಬೇಕು... ಏನು? ನಂಗೆ ಹೇಗೆ ಗೊತ್ತು ಅಂತಾನಾ?... ಎಲ್ಲಾ ಡಬ್ಬೀಲೂ ಇರತ್ತಲ್ಲೇ...”

“ಗಂಟೆ ಹೊಡೀತಾ?... ಹೂಂ, ಕೇಳಿಸ್ತು. ಚೆನ್ನಾಗಿ ಕೇಳಿಸ್ತು ಕಣೇ. ಹೋಗು, ಮಕ್ಕಳು ಕಾಯ್ತಿರ್ತಾರೆ... ಸೀತಾ, ಅವರಿಗೆ ಗದರಬೇಡ... ಹಲೋ? ಹಲೋ?”

ಲೈನ್ ಕಡಿದುಹೋಗಿತ್ತು. ಶಿವಬಸಪ್ಪನವರು ಆಸೆಯಿಂದ ಕತ್ತೆತ್ತಿ ಅವರ ಮುಖ ನೋಡಿದರು.

“ಹೂಂ, ಸ್ಕೂಲಿಂದಾನೇ,” ಎಂದರು ಸೇತುರಾಮಯ್ಯ.